ಆಳುಗಳು ಊರು ಬಿಟ್ಟರೆ ಕೂಲಿ ಏರುತ್ತದೆಯೇ?

ಟೊಮೆಟೊ ಬಿಡಿಸಲು ಆಳು ಸಿಗುತ್ತಿಲ್ಲವೆಂದು ದೂರುವ ನಮ್ಮ ಕೋಲಾರದ ಬೆಳೆಗಾರರು, ದುಡಿಯುವವರು ಬೆಂಗಳೂರಿಗೂ ನರಸಾಪುರದ ಕಾರ್ಖಾನೆಗಳಿಗೂ ಹೋಗುವುದರಿಂದಲೇ ಉಳಿದವರು ಹೆಚ್ಚು ಕೂಲಿ ಕೇಳಬಲ್ಲರು ಎಂಬುದನ್ನು ಹೇಳುವುದು ಕಡಿಮೆ. ವಲಸಿಗರನ್ನು ಕಳುಹಿಸುವ ದೇಶಗಳಲ್ಲಿಯೂ ಬಹುಮಟ್ಟಿಗೆ ಇದೇ ನಡೆಯುತ್ತದೆ. ಬರಮಾಡಿಕೊಳ್ಳುವ ಕಡೆ ಕೂಲಿ ಇಳಿದೇ ತೀರುತ್ತದೆಂಬ ನಂಬಿಕೆ ಮಾತ್ರ ಅಷ್ಟು ಗಟ್ಟಿಯಲ್ಲ. 1980ರಲ್ಲಿ ಸುಮಾರು 1,25,000 ಕ್ಯೂಬನ್ನರು ಅಮೆರಿಕಕ್ಕೆ ಬಂದು, ಅಲ್ಲಿನ ಮಯಾಮಿ ನಗರದ ದುಡಿಮೆಗಾರರ ಸಂಖ್ಯೆ ಸುಮಾರು ಶೇ. 7ರಷ್ಟು ಹೆಚ್ಚಿದರೂ ಸ್ಥಳೀಯರ ಕೂಲಿ ಹೆಚ್ಚೇನೂ ಕುಸಿಯಲಿಲ್ಲವೆಂದು ಅರ್ಥಶಾಸ್ತ್ರಜ್ಞ ಡೇವಿಡ್ ಕಾರ್ಡ್ 1990ರಲ್ಲಿ ತೋರಿಸಿದರು. ಅದೇ ಮಯಾಮಿಯಲ್ಲಿ ಪ್ರೌಢಶಾಲೆ ಮುಗಿಸದವರ ಕೂಲಿ ತೀವ್ರವಾಗಿ ಇಳಿಯಿತೆಂದು ಮತ್ತೊಬ್ಬ ಅರ್ಥಶಾಸ್ತ್ರಜ್ಞ ಜಾರ್ಜ್ ಬೋರ್ಹಾಸ್ ಆಮೇಲೆ ವಾದಿಸಿದರು. ನಮ್ಮವರು ಗಮನಿಸಬೇಕಾದದ್ದು ಬೇರೆಯೇ ಇದೆ: 1964ರ ಕೊನೆಗೆ ಮೆಕ್ಸಿಕೋದ ಕೂಲಿಯಾಳುಗಳನ್ನು ಅಮೆರಿಕಕ್ಕೆ ಕರೆತರುವ ಬ್ರಸೇರೊ ಯೋಜನೆ ನಿಂತಾಗ, ಕ್ಯಾಲಿಫೋರ್ನಿಯಾದ ಟೊಮೆಟೊ ಬೆಳೆಗಾರರು ಹೆಚ್ಚು ಕೂಲಿ ಕೊಟ್ಟು ಸ್ಥಳೀಯರನ್ನು ಕರೆಯುವುದಕ್ಕಿಂತ ಕಟಾವು ಯಂತ್ರಗಳತ್ತ ತಿರುಗಿದರು, ಯಂತ್ರಕ್ಕೆ ಒಗ್ಗುವ ಗಟ್ಟಿ ಕಾಯಿಯ ತಳಿ ಅಷ್ಟರಲ್ಲಾಗಲೇ ಸಿದ್ಧವಾಗಿತ್ತು.