ಅರೆನೆರಳಿನ ಜಾಗಕ್ಕೆ ಹೂದಾನಿಯ ಹೂಗಳು

ಅರೆನೆರಳಲ್ಲಿ ಹೂದಾನಿಗೆಂದು ಹೂ ಬೆಳೆಸುವವರು ಬೀಜ ಕೊಳ್ಳುವ ಮುಂಚೆ ಒಂದಿಡೀ ದಿನ ಆ ಜಾಗದ ಬಿಸಿಲು ಗಮನಿಸಿ. 3ರಿಂದ 6 ಗಂಟೆ ಬಿಸಿಲು ಬಿದ್ದರೆ ಅದು ಅರೆನೆರಳು; ಬೆಳಗಿನ ಬಿಸಿಲಾದರೆ ಇನ್ನೂ ಒಳ್ಳೆಯದು. ಜಿನಿಯಾ, ಸೂರ್ಯಕಾಂತಿಯ ಆಸೆ ಬಿಡಿ. ಬೆಳಕು ಹುಡುಕುತ್ತಾ ಕಾಂಡ ಸಣಕಲಾಗಿ ವಾಲುತ್ತದೆ, ಮೊಗ್ಗೂ ಕಡಿಮೆ.

ನನ್ನ ಮೊದಲ ಆಯ್ಕೆ ಆಸ್ಟಿಲ್ಬೆ, ವರ್ಷವರ್ಷವೂ ಚಿಗುರುವ ಹೂಗಿಡ. ಮಣ್ಣು ಒಣಗಿದರೆ ಎಲೆಯಂಚು ಕಂದಾಗಿ ಸುರುಟಿಕೊಳ್ಳುತ್ತದೆ, ಹಾಗಾಗಿ ಬುಡದ ಸುತ್ತ 2 ಇಂಚು ಎಲೆಗೊಬ್ಬರ ಹರಡಿ. ಮರದ ಬೇರುಗಳ ಪಕ್ಕ ನೆಟ್ಟರೆ ನೀರೆಲ್ಲ ಮರಕ್ಕೇ ಹೋಗುತ್ತದೆ. ಗರಿಯಂಥ ತೆನೆ ಅರ್ಧಕ್ಕಿಂತ ಹೆಚ್ಚು ಅರಳಿದ ಮೇಲೆಯೇ ಕತ್ತರಿಸಿ. ಬಿಗಿ ಮೊಗ್ಗುಗಳು ಆಮೇಲೆ ನೀರಿನಲ್ಲಿ ಅರಳುವುದಿಲ್ಲ. ಉದ್ದ ತೆನೆಯಲ್ಲಿ ಗಂಟೆಯಾಕಾರದ ಹೂ ಬಿಡುವ ಫಾಕ್ಸ್‌ಗ್ಲೋವ್ ಹಾಗಲ್ಲ, ತೆನೆಯ ಕೆಳಗಿನ ಮೂರನೇ ಒಂದು ಭಾಗ ಬಿಚ್ಚಿದಾಗಲೇ ಕೊಯ್ಯಬಹುದು. ಆದರೆ ಇಡೀ ಗಿಡವೇ ವಿಷ, ಪುಟ್ಟ ಮಕ್ಕಳಿರುವ ಮನೆಗೆ ಬೇಡವೇ ಬೇಡ.

ನೆರಳೆಂದರೆ ಕೊರತೆ ಅಂತಲೇ ನೋಡುತ್ತೇವೆ. ಉರಿಬಿಸಿಲಲ್ಲಿ ಬೇಗ ಮಾಸುವ ಎಷ್ಟೋ ಹೂಗಳ ಬಣ್ಣ ಉಳಿಯುವುದು ಅಲ್ಲೇ.

ಚಳಿಗಾಲದ ಕೊನೆಗೆ ಅರಳುವ ಹೆಲೆಬೋರ್ ಹೂವನ್ನು ಎಳೆಯದಾಗಿದ್ದಾಗಲೇ ಕೊಯ್ದರೆ ಕತ್ತು ಬಾಗಿಸುತ್ತದೆ. ನಡುವಿನ ಕೇಸರಗಳು ಉದುರಿ, ಬೀಜಕೋಶ ಉಬ್ಬಲು ಶುರುವಾಗುವವರೆಗೆ ಕಾಯಿರಿ. ಕೊಯ್ದ ಕೂಡಲೇ ಆಳವಾದ ನೀರಿನಲ್ಲಿ ಕೆಲವು ಗಂಟೆ ತಂಪಾದ ಕಡೆ ಇಡಿ.