ನಾಯಿಗೆ ಆರಾಮಿಲ್ಲ ಎಂದು ಫೋನ್ ಬಂದರೆ ಊಟಕ್ಕಿಂತ ಮೊದಲು ಕೇಳಬೇಕಾದದ್ದು ವಸಡಿನ ಬಣ್ಣ

ವಿಜಯಪುರದಂಥ ಊರಿನಲ್ಲಿ ನಾಯಿ ಕ್ಲಿನಿಕ್ಕಿನ ಫೋನ್ ಎತ್ತುವ ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ ಇದು. ದಿನಾ ಬರುವ ಮಾತು ಒಂದೇ: "ಸರ್, ನಾಯಿ ಏನೂ ತಿನ್ನವಲ್ದು ರೀ, ಸಪ್ಪಗ ಮಲಗ್ಯದ." ಇದನ್ನು ನಂಬಿ "ಈಗಲೇ ತನ್ನಿ" ಎಂದೂ ಹೇಳಲಾಗದು, "ನಾಳೆ ನೋಡೋಣ" ಎಂದೂ ಹೇಳಲಾಗದು. ಏಪ್ರಿಲ್-ಮೇ ಬಿಸಿಲಿಗೆ ಗಟ್ಟಿಮುಟ್ಟಾದ ನಾಯಿಯೂ ಮಧ್ಯಾಹ್ನ ಹಾಲು-ರೊಟ್ಟಿ ಮುಟ್ಟುವುದಿಲ್ಲ, ರಾತ್ರಿ ತಂಪಾದ ಮೇಲೆ ತಿನ್ನುತ್ತದೆ. ಇತ್ತ ಉಣ್ಣಿ ಜ್ವರ ಹಿಡಿದ ನಾಯಿ ಒಂದೆರಡು ದಿನ ತಿನ್ನುತ್ತಲೇ ಒಳಗೊಳಗೆ ರಕ್ತ ಕಳೆದುಕೊಳ್ಳುತ್ತಿರಬಹುದು.

ಆದ್ದರಿಂದ ಊಟದ ಸುದ್ದಿ ಬದಿಗಿಟ್ಟು ವಸಡು ನೋಡಲು ಹೇಳಿ. ಕೋರೆಹಲ್ಲಿನ ಮೇಲಿನ ತುಟಿ ಎತ್ತಿ, ಹೆಬ್ಬೆರಳಿನಿಂದ ವಸಡನ್ನು ಒತ್ತಿ ಬಿಡಬೇಕು. ಬೆಳ್ಳಗಾದ ಜಾಗ ಎರಡು ಸೆಕೆಂಡಿನೊಳಗೆ ಮತ್ತೆ ಗುಲಾಬಿಯಾದರೆ ರಕ್ತದ ಓಟ ಸರಿಯಿದೆ. ಹಗಲು ಬೆಳಕಿನಲ್ಲೇ ನೋಡಬೇಕು, ಹಳದಿ ಬಲ್ಬಿನ ಕೆಳಗೆ ಎಲ್ಲ ವಸಡೂ ಕಾಮಾಲೆಯಂತೆ ಕಾಣುತ್ತದೆ. ವಸಡೇ ಕಪ್ಪಗಿದ್ದರೆ ಕೆಳಗಿನ ಕಣ್ಣರೆಪ್ಪೆಯ ಒಳಭಾಗ ನೋಡಲಿ. ಬೆಳ್ಳಗಿದ್ದರೆ ಉಣ್ಣಿ ಜ್ವರವೋ ಒಳಗೆ ರಕ್ತಸ್ರಾವವೋ ಇರಬಹುದು. ಕೆಲವು ಬಗೆಯ ಇಲಿ ಪಾಷಾಣ ತಿಂದ ನಾಯಿಗೆ ರಕ್ತಸ್ರಾವ ಮೂರ್ನಾಲ್ಕು ದಿನ ಬಿಟ್ಟು ಶುರುವಾಗುವುದರಿಂದ ಮನೆಯವರಿಗೆ ಪಾಷಾಣ ಇಟ್ಟದ್ದೇ ಮರೆತಿರುತ್ತದೆ, ನೀವೇ ನೆನಪಿಸಿ. ಹಳದಿಯಾದರೆ ಅದೇ ದಿನ ಬರಬೇಕು. ನೀಲಿ, ಬಿಳಿ ಅಥವಾ ಇಟ್ಟಿಗೆ ಕೆಂಪು ಎಂದರೆ ಫೋನ್ ಇಟ್ಟು ಹೊರಡಲು ಹೇಳಿ.

ಇದಕ್ಕೂ ಮೊದಲು ಕೇಳಬೇಕಾದ ಒಂದು ಪ್ರಶ್ನೆಯಿದೆ. ನಾಯಿಯ ಸ್ವಭಾವ ಬದಲಾಗಿದೆಯೇ, ಜೊಲ್ಲು ಸುರಿಯುತ್ತಿದೆಯೇ, ಕೆಳದವಡೆ ಜೋತುಬಿದ್ದಿದೆಯೇ? ಹೌದು ಎಂದರೆ ಬಾಯಿಗೆ ಕೈ ಹಾಕಲೇಬಾರದು. ಗಂಟಲಲ್ಲಿ ಎಲುಬು ಸಿಕ್ಕಿದೆ ಎಂದುಕೊಂಡು ಕೈ ಹಾಕಿದವರು ರೇಬೀಸ್‌ಗೆ ಒಡ್ಡಿಕೊಳ್ಳುವುದು ಹೀಗೆಯೇ. ಈಗಾಗಲೇ ಹಾಕಿದ್ದರೆ ಸೋಪು ಹಚ್ಚಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು, ಮನುಷ್ಯರ ಆಸ್ಪತ್ರೆಗೆ ಹೋಗಬೇಕು.

ಮೂಗು ಬಿಸಿಯೋ ಒಣಗಿದೆಯೋ ಎಂಬ ವರದಿಗೆ ಕಿವಿಗೊಡಬೇಡಿ, ಅದರಿಂದ ಏನೂ ತಿಳಿಯದು. ಡಿಜಿಟಲ್ ಥರ್ಮಾಮೀಟರಿನ ತುದಿಗೆ ಕೊಬ್ಬರಿ ಎಣ್ಣೆ ಹಚ್ಚಿ ಗುದದ್ವಾರದಲ್ಲಿ ಒಂದು ಇಂಚಿನಷ್ಟು ಇಡಲಿ. 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಸಹಜ, ನಮ್ಮ ಲೆಕ್ಕದ ಜ್ವರ ಅದಕ್ಕೆ ಜ್ವರವಲ್ಲ. 104 ದಾಟಿದರೆ ಆ ದಿನವೇ ಕರೆಸಿ. ತಿಂಗಳು ದಾಟಿದ ಮರಿಯ ಮೈ 99ಕ್ಕಿಂತ ಕೆಳಗಿಳಿದರೆ ಅದು ಜ್ವರಕ್ಕಿಂತ ಕೆಟ್ಟದ್ದು. ಬಿಸಿಲಲ್ಲಿ ಕುಸಿದು 106ಕ್ಕೆ ಹೋದ ನಾಯಿಗೆ ಮೊದಲು ಸಾದಾ ನೀರು ಸುರಿದು, ಫ್ಯಾನ್ ಹಾಕಿ, ತಂಪು ಮಾಡುತ್ತಲೇ ಗಾಡಿಗೆ ಹತ್ತಿಸಬೇಕು. ಐಸ್ ಬೇಡ, ಚರ್ಮದ ರಕ್ತನಾಳ ಬಿಗಿದು ಒಳಗಿನ ಶಾಖ ಹೊರಬರುವುದು ನಿಧಾನವಾಗಬಹುದು. 103ಕ್ಕೆ ಇಳಿದಾಗ ನೀರು ನಿಲ್ಲಿಸಬೇಕು.

ವಾಂತಿಯ ವಿಷಯ ವಯಸ್ಸಿನ ಮೇಲೆ ನಿಂತಿದೆ. ದೊಡ್ಡ ನಾಯಿ ಒಂದು ಸಲ ಕಕ್ಕಿ, ಓಡಾಡಿಕೊಂಡು, ಕುಡಿದ ನೀರು ಹೊಟ್ಟೆಯಲ್ಲಿ ಉಳಿಸಿಕೊಂಡರೆ ಅರ್ಧ ದಿನ ಊಟ ಬಿಡಿಸಿ ಕಾಯಬಹುದು. ಲಸಿಕೆ ಹಾಕಿಸದ, ಆರು ತಿಂಗಳೊಳಗಿನ ಮರಿ ವಾಂತಿ-ಭೇದಿ ಎರಡನ್ನೂ ಮಾಡಿದರೆ ಪಾರ್ವೊ (ಮರಿಗಳ ಕರುಳಿಗೆ ಬರುವ ವೈರಸ್ ರೋಗ) ಎಂದೇ ತಿಳಿದು ಕರೆಸಿ. ರಕ್ತಭೇದಿಯಾಗುವವರೆಗೆ ಕಾಯುವವರೇ ಹೆಚ್ಚು, ಅಷ್ಟರಲ್ಲಿ ಮರಿ ಸೊರಗಿರುತ್ತದೆ. ಬಾಯಿಂದ ಕೊಟ್ಟ ಓಆರ್‌ಎಸ್ ಅಷ್ಟೂ ಹೊರಬರುವುದರಿಂದ ಡ್ರಿಪ್ಪೇ ಬೇಕು.

ಏನೂ ಬರದೆ ಓಕರಿಸುತ್ತಾ ಇದ್ದು, ಹೊಟ್ಟೆ ಡೊಳ್ಳಿನಂತೆ ಬಿಗಿದರೆ, ಅದು ಜಠರ ತಿರುಚಿಕೊಂಡಿರುವ ಲಕ್ಷಣ. ಎದೆಗೂಡು ಆಳವಿರುವ ತಳಿಗಳಲ್ಲಿ ಇದು ಹೆಚ್ಚು, ಮುಧೋಳ ನಾಯಿಯ ಎದೆಯೂ ಆಳವೇ. ಕೆಲವೇ ಗಂಟೆಗಳಲ್ಲಿ ಜೀವ ಹೋಗಬಹುದು. ಮೂತ್ರಕ್ಕೆ ಕಾಲೆತ್ತಿ ಹನಿಯೂ ಬಾರದ ಗಂಡು ನಾಯಿಯೂ ಕಾಯುವಂತಿಲ್ಲ.

ನಮ್ಮ ಜಿಲ್ಲೆಗೇ ಸಂಬಂಧಪಟ್ಟ ಒಂದು ಮಾತು. ತಿಕೋಟಾ, ಬಬಲೇಶ್ವರದ ಕಡೆ ಒಣದ್ರಾಕ್ಷಿ ಶೆಡ್ಡುಗಳಲ್ಲಿ ನಾಯಿಗಳು ಸುತ್ತುವುದು ಸಾಮಾನ್ಯ. ದ್ರಾಕ್ಷಿ, ಒಣದ್ರಾಕ್ಷಿ ನಾಯಿಯ ಮೂತ್ರಪಿಂಡ ಕೆಡಿಸಬಲ್ಲವು. ಎಷ್ಟು ತಿಂದರೆ ಸುರಕ್ಷಿತ ಎಂಬ ಅಳತೆಯಿಲ್ಲ. ಒಂದು ನಾಯಿಗೆ ಏನೂ ಆಗುವುದಿಲ್ಲ, ಇನ್ನೊಂದು ನಾಯಿಗೆ ಬೊಗಸೆಯೂ ಬೇಕಿಲ್ಲ. ಮೊದಲ ದಿನ ವಾಂತಿ, ಒಂದರಿಂದ ಮೂರು ದಿನಗಳಲ್ಲಿ ಮೂತ್ರ ಕಡಿಮೆಯಾಗುತ್ತದೆ. ತಿಂದ ಒಂದೆರಡು ಗಂಟೆಯೊಳಗೆ ಬಂದರೆ ಡಾಕ್ಟರ್ ವಾಂತಿ ಮಾಡಿಸಬಹುದು. ಮನೆಯಲ್ಲಿ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬಾರದು, ಆ ಉಪ್ಪೇ ವಿಷವಾದೀತು.

ಏನು ಗುಳಿಗಿ ಕೊಟ್ಟಿರಿ ಎಂದು ಕೇಳದೆ ಫೋನ್ ಇಡಬೇಡಿ. ಬೈಯುತ್ತಾರೆ ಎಂಬ ಹೆದರಿಕೆಗೆ ಜನ ಮುಚ್ಚಿಡುತ್ತಾರೆ, ಆದ್ದರಿಂದ ಮೆತ್ತಗೆ ಕೇಳಿ. ಐಬುಪ್ರೊಫೆನ್ ನಾಯಿಯ ಜಠರದಲ್ಲಿ ಹುಣ್ಣು ಮಾಡುತ್ತದೆ, ಮೂತ್ರಪಿಂಡಕ್ಕೆ ಹೊಡೆತ ಕೊಡುತ್ತದೆ. ಅದರ ಮೇಲೆ ಮತ್ತೊಂದು ನೋವಿನ ಇಂಜೆಕ್ಷನ್ ಅಥವಾ ಸ್ಟಿರಾಯ್ಡ್ ಬಿದ್ದರೆ ಇನ್ನೂ ಕೆಡುತ್ತದೆ. ಹೊಲದಲ್ಲಿ ಔಷಧ ಹೊಡೆದಿದ್ದರೆ ಡಬ್ಬಿಯನ್ನೇ ತರಲಿ. ಜೊಲ್ಲು, ನಡುಕ, ಸಣ್ಣಗಾದ ಕಣ್ಣುಪಾಪೆ ಕಂಡರೆ ಡಾಕ್ಟರ್ ಮೊದಲು ನೋಡುವುದು ಡಬ್ಬಿಯ ಮೇಲಿನ ಹೆಸರನ್ನು. ವಾಂತಿಯ ಫೋಟೊ, ಲಸಿಕೆ ಪುಸ್ತಕ, ಮೂತ್ರದ ಬಣ್ಣ ಇವೂ ಬೇಕು. ತೂಕ ಗೊತ್ತಿಲ್ಲದಿದ್ದರೆ ನಾಯಿಯನ್ನು ಎತ್ತಿಕೊಂಡು ಕಾಟಾದ ಮೇಲೆ ನಿಂತು, ಬಳಿಕ ತಮ್ಮ ತೂಕ ಕಳೆಯಲಿ. ಅವರು ಬರುವಷ್ಟರಲ್ಲಿ ಡಾಕ್ಟರ್ ಡೋಸ್ ಲೆಕ್ಕ ಹಾಕಿಟ್ಟಿರುತ್ತಾರೆ.