ವಾಲಿದ ಮನೆಗಿಂತ ಸಿಮೆಂಟ್ ಬಳಿದ ಮನೆಗೇ ಅಪಾಯ ಹೆಚ್ಚು

ಇಂಗ್ಲೆಂಡಿನ ಸಫೋಕ್ ಕೌಂಟಿಯ ಲ್ಯಾವೆನ್‌ಹ್ಯಾಮ್‌ನಲ್ಲಿ ನೆಟ್ಟಗೆ ನಿಂತ ಹಳೆಯ ಮನೆ ಹುಡುಕುವುದು ಕಷ್ಟ. 1257ರಲ್ಲೇ ಸಂತೆಯ ಸನ್ನದು ಪಡೆದ ಈ ಊರು ನೀಲಿ ಉಣ್ಣೆಬಟ್ಟೆ ಮಾರಿ ಬೆಳೆಯಿತು. 1524ರ ತೆರಿಗೆ ಲೆಕ್ಕದಲ್ಲಿ ಇಂಗ್ಲೆಂಡಿನ ಶ್ರೀಮಂತ ಊರುಗಳ ಪೈಕಿ ಇದಕ್ಕೆ 14ನೇ ಸ್ಥಾನ. ಆಮೇಲೆ ಅಗ್ಗದ, ಹಗುರ ಬಟ್ಟೆಗಳು ಬಂದು ವ್ಯಾಪಾರ ಕುಸಿಯಿತು. ಕೆಡವಿ ಹೊಸದು ಕಟ್ಟಲು ಯಾರ ಕೈಯಲ್ಲೂ ಕಾಸಿರಲಿಲ್ಲ. ಮನೆಗಳು ಉಳಿದದ್ದು ಅದರಿಂದಲೇ.

ವಾಲುವುದಕ್ಕೆ ಒಂದು ಕಾರಣ ಹಸಿ ಓಕ್ ಮರ. ಒಣಗಿದ ಓಕ್ ಉಳಿಗೆ ಬಗ್ಗದಷ್ಟು ಗಟ್ಟಿ. ಹಾಗಾಗಿ ಬಡಗಿಗಳು ಹಸಿಯಲ್ಲೇ ಕೊರೆದು, ಒಂದು ಮರದ ನಾಲಿಗೆಯನ್ನು ಇನ್ನೊಂದರ ತೂತಿಗೆ ಕೂರಿಸಿ, ಓಕ್ ಗೂಟ ಜಡಿಯುತ್ತಿದ್ದರು. ಮರ ಒಣಗುತ್ತಾ ತಿರುಚಿಕೊಂಡಿತು, ಕೀಲುಗಳು ಇನ್ನೂ ಬಿಗಿಯಾದವು. ಹಳೆಯ ವಾಲು ಅಷ್ಟಕ್ಕೇ ನಿಂತಿದ್ದರೆ ಚಿಂತೆಯಿಲ್ಲ. ಹೊಸದಾಗಿ ಬಾಯಿಬಿಟ್ಟ ಕೀಲನ್ನು ಮಾತ್ರ ತಕ್ಷಣ ತಿಳಿದವರಿಗೆ ತೋರಿಸಬೇಕು.

ಕಂಬಗಳ ನಡುವಿನ ಗೋಡೆ ನೋಡಿ. ಮೇಲಿನ ಅಡ್ಡತೊಲೆಯಲ್ಲಿ ಸಾಲು ತೂತು, ಕೆಳಗಿನದರಲ್ಲಿ ಉದ್ದ ತೋಡು. ಸೀಳಿದ ಓಕ್ ಕಡ್ಡಿಯನ್ನು ಮೇಲೆ ತೂರಿಸಿ ಕೆಳಗೆ ಜಾರಿಸಿ ನಿಲ್ಲಿಸುತ್ತಾರೆ. ಅದಕ್ಕೆ ಹೇಜಲ್ ಎಂಬ ಗಿಡದ ಬಳುಕುವ ರೆಂಬೆ ಹೆಣೆದು, ಎರಡೂ ಬದಿಯಿಂದ ಜೇಡಿಮಣ್ಣು, ಕತ್ತರಿಸಿದ ಹುಲ್ಲು, ಸಗಣಿ ಕಲಸಿ ಮೆತ್ತುತ್ತಾರೆ. ಹುಲ್ಲು ಕಡಿಮೆಯಾದರೆ ಒಣಗುವಾಗ ಬಿರುಕು ಖಚಿತ. ನಮ್ಮ ತಡಿಕೆ ಗೋಡೆ ಕಂಡವರಿಗೆ ಇದರಲ್ಲಿ ಹೊಸದೇನಿಲ್ಲ.

ಕೆಡುವುದು ಸಿಮೆಂಟಿನಿಂದ. ಮರ ಹವೆಗೆ ತಕ್ಕಂತೆ ಹಿಗ್ಗಿ ಕುಗ್ಗುತ್ತದೆ, ಸಿಮೆಂಟ್ ಹಾಗೆ ಬಾಗದೆ ಕೂದಲೆಳೆಯ ಸೀಳು ಬಿಡುತ್ತದೆ. ಅಲ್ಲಿಂದ ಒಳಹೋದ ಮಳೆನೀರು ಆರುವುದಿಲ್ಲ, ಇಳಿದು ಎಲ್ಲ ಕಂಬಗಳ ಭಾರ ಹೊತ್ತ ನೆಲತೊಲೆಯಲ್ಲಿ ನಿಲ್ಲುತ್ತದೆ. ಹೊರಗೆ ಗೋಡೆ ಚೆನ್ನಾಗಿಯೇ ಕಾಣುತ್ತದೆ, ಸ್ಕ್ರೂಡ್ರೈವರ್ ಚುಚ್ಚಿದರೆ ತೊಲೆಯೊಳಗೆ ಸಲೀಸಾಗಿ ಇಳಿಯುತ್ತದೆ! ರಸ್ತೆ, ಹೂದೋಟದ ಮಣ್ಣು ವರ್ಷಗಳಲ್ಲಿ ಏರಿ ಇಟ್ಟಿಗೆಯ ಅಡಿಪಟ್ಟಿಯನ್ನು ಮುಚ್ಚಿದ್ದರೂ ಇದೇ ಗತಿ. ಮಣ್ಣನ್ನು ತೊಲೆಗಿಂತ 150 ಮಿಲಿಮೀಟರಾದರೂ ತಗ್ಗಿಸಬೇಕು.

ಸಿಮೆಂಟ್ ಕೀಳಲು ಡ್ರಿಲ್ ಯಂತ್ರ ಬೇಡ, ಅದರ ಅದುರಿಗೆ ಒಳಗಿನ ಮಣ್ಣೂ ಉದುರುತ್ತದೆ. ಉಳಿ, ಸುತ್ತಿಗೆ ಸಾಕು. ಉದುರಿದ ಮಣ್ಣನ್ನು ಎಸೆಯದೆ ನೀರಿನಲ್ಲಿ ನೆನೆಸಿ, ಹೊಸ ಹುಲ್ಲು ಸೇರಿಸಿ ಮತ್ತೆ ಮೆತ್ತಬಹುದು. ಮೇಲೆ ಸುಣ್ಣದ ಗಾರೆ: ಒಂದು ಪಾಲು ಅರಳಿದ ಸುಣ್ಣಕ್ಕೆ ಸುಮಾರು ಮೂರು ಪಾಲು ಒರಟು ಮರಳು, ಒಂದು ಪದರಕ್ಕೆ 10 ಮಿಲಿಮೀಟರ್ ಆಸುಪಾಸು. ಒದ್ದೆ ಗೋಣಿ ಹೊದಿಸಿ ನಿಧಾನವಾಗಿ ಆರಿಸಬೇಕು. 5 ಡಿಗ್ರಿಗಿಂತ ಚಳಿಯಿದ್ದರೆ ಕೆಲಸಕ್ಕೇ ಇಳಿಯಬಾರದು, ಹಿಮಕ್ಕೆ ಸಿಕ್ಕಿದ ಹಸಿ ಗಾರೆ ಪುಡಿಯಾಗುತ್ತದೆ. ಕೊನೆಗೆ ಹಾಲಿನಷ್ಟು ತೆಳುವಾದ ಸುಣ್ಣ, ನಾಲ್ಕೈದು ಕೈ. ಪ್ಲಾಸ್ಟಿಕ್ ಪೇಂಟ್ ಹಚ್ಚಿದರೆ ಮಾಡಿದ್ದೆಲ್ಲ ನೀರುಪಾಲು.

ಮರಕ್ಕೆ ಕಪ್ಪು ಬಳಿಯುವುದೂ ಇಲ್ಲಿನ ಹಳೆಯ ರೂಢಿಯಲ್ಲ. ಅದು ಬಹುಮಟ್ಟಿಗೆ ವಿಕ್ಟೋರಿಯನ್ ಕಾಲದ ಷೋಕಿ. ಊರಿನ ಹಳೆಯ ಸಂಘದ ಸಭಾಭವನವಾದ, ಸುಮಾರು 1529ರ ಗಿಲ್ಡ್‌ಹಾಲ್‌ನ ಒತ್ತೊತ್ತಾದ ಓಕ್ ಕಂಬಗಳು ಬೂದುಬಣ್ಣದಲ್ಲೇ ಎಷ್ಟು ಚೆಂದ!

ಒಂದು ಎಚ್ಚರಿಕೆ. ಸರ್ಕಾರದ ಸಂರಕ್ಷಿತ ಕಟ್ಟಡಗಳ ಪಟ್ಟಿಯಲ್ಲಿರುವ ಕಟ್ಟಡದ ಸ್ವರೂಪ ಬದಲಿಸುವ ಕೆಲಸವನ್ನು ಅನುಮತಿಯಿಲ್ಲದೆ ಮಾಡುವುದು ಅಲ್ಲಿನ 1990ರ ಕಾಯ್ದೆಯಡಿ ಅಪರಾಧ. ಹಿಂದಿನ ಮಾಲೀಕ ಕದ್ದು ಮಾಡಿದ ಕೆಲಸವನ್ನು ಸರಿಪಡಿಸುವಂತೆ ಈಗಿನ ಮಾಲೀಕನಿಗೆ ನೋಟಿಸ್ ಬರಬಹುದು, ಅದಕ್ಕೆ ಕಾಲಮಿತಿಯೂ ಇಲ್ಲ. ಕೊಳ್ಳುವ ಮುನ್ನವೇ ಹಳೆಯ ಅನುಮತಿ ಪತ್ರಗಳನ್ನು ಕೇಳಿ, ಗೋಡೆಯ ಎದುರು ನಿಂತು ತಾಳೆ ನೋಡಿ.